ಹೇಳಿಕೊಡದೆ ಕಲಿತ ವರ್ಷ

ನಮ್ಮೂರಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಏನನ್ನಾದರೂ ಕಲಿಸಿದರೆ, ಕಲಿಸಿದವರಿಂದ ಅದು ಹೋಗಿಬಿಡುತ್ತಿತ್ತು. ಸುದ್ದಿ ಹೇಳಿದರೆ, ಹರಟಿದರೆ, ಜಗಳವಾಡಿದರೆ ಏನೂ ಆಗುತ್ತಿರಲಿಲ್ಲ. ‘ಇದು ಹೀಗೆ, ಇದನ್ನು ಹೀಗೆ ಮಾಡಬೇಕು’ ಎಂದು ತಿಳಿಸಿಕೊಟ್ಟು, ಅದು ಕೇಳಿದವರ ತಲೆಗೆ ಹತ್ತಿತೆಂದರೆ ಮಾತ್ರ, ಮರುದಿನ ಬೆಳಗಾಗುವಷ್ಟರಲ್ಲಿ ಹೇಳಿದವರ ತಲೆ ಅಷ್ಟರಮಟ್ಟಿಗೆ ಖಾಲಿ. ಊರಿನ ನಾಲ್ಕು ಗಡಿಕಲ್ಲುಗಳ ಒಳಗೆ ಯಾರೇ ಕಲಿಸಲಿ, ಹೀಗೆಯೇ. ನಮಗೆ ಇದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಹೋಳಿಗೆ ಮಾಡುವುದನ್ನು ಸೊಸೆಗೆ ಕಲಿಸಿದ ಅತ್ತೆ ಆಮೇಲೆ ನೆಮ್ಮದಿಯಾಗಿ ಎಲೆಯ ಮುಂದೆ ಕೂರುತ್ತಿದ್ದಳು. ಮಗನಿಗೆ ಬಟ್ಟೆ ಕತ್ತರಿಸುವುದನ್ನು ಹೇಳಿಕೊಟ್ಟ ದರ್ಜಿ ಮರುದಿನದಿಂದ ಗುಂಡಿ ಹಾಕುತ್ತಿದ್ದ. ಕೆರೆ ಬೀದಿಯ ಅಣ್ಣತಮ್ಮಂದಿರಿಬ್ಬರು ಒಂದೇ ಈಜನ್ನು ಹಂಚಿಕೊಂಡಿದ್ದರು. ಒಂದು ವರ್ಷ ಅಣ್ಣ ಈಜಿದರೆ, ಮರುವರ್ಷ ತಮ್ಮನಿಗೆ ಕಲಿಸಿ ತಾನು ದಡದಲ್ಲಿ ಕೂರುತ್ತಿದ್ದ. ಶಾಲೆಯ ಮೇಷ್ಟ್ರುಗಳಿಗೆ ಬೇಸಿಗೆ ಪೂರ್ತಿ ಮರುಕಲಿಕೆಯ ರಜೆ ಇತ್ತು. ಗಡಿಯಾಚೆ ಹೋಗಿ, ಕಳೆದುಕೊಂಡದ್ದನ್ನೆಲ್ಲ ಮತ್ತೆ ಓದಿ ಬರುತ್ತಿದ್ದರು. ಇದರಿಂದಾಗಿ ನಮ್ಮಲ್ಲಿ ಪ್ರಶ್ನೆ ಕೇಳುವುದು ಕೆಟ್ಟ ನಡತೆ ಎನಿಸಿತ್ತು. ‘ಯಾಕೆ’ ಎಂದು ಕೇಳಿದ ಮಗುವಿನ ಕೈಮೇಲೆ ಹಿರಿಯರು ಮೆಲ್ಲಗೆ ಹೊಡೆಯುತ್ತಿದ್ದರು, ಇನ್ನೊಬ್ಬರ ಜೇಬಿಗೆ ಕೈಹಾಕಿದ ಮಗುವಿಗೆ ಹೊಡೆಯುವ ಹಾಗೆ.

ನನಗೆ ಅಕ್ಷರ ಕಲಿಸಿದವಳು ನನ್ನ ಸೋದರತ್ತೆ ಹೊಂಬಾಳಮ್ಮ. ನಾನು ಹುಟ್ಟಿದ ವರ್ಷವೇ ಅವ್ವ ತೀರಿಕೊಂಡದ್ದರಿಂದ ನನ್ನನ್ನು ಸಾಕಿದವಳೂ ಅವಳೇ. ನಾನು ಒಂದನೇ ತರಗತಿಗೆ ಸೇರಿದಾಗ ಅಕ್ಷರದ ಮೇಷ್ಟ್ರಿಗೆ ವರ್ಗವಾಯಿತು, ಬದಲಿಗೆ ಯಾರೂ ಬರಲಿಲ್ಲ. ನಮ್ಮ ಬೀದಿಯಲ್ಲಿ ಓದು ಬರುತ್ತಿದ್ದ ಹೆಂಗಸು ಅತ್ತೆ ಒಬ್ಬಳೇ. ವಾರಪತ್ರಿಕೆ ಬಂದ ದಿನ ಏಳೆಂಟು ಹೆಂಗಸರು ಅವಳ ಸುತ್ತ ಕೂತು ಧಾರಾವಾಹಿ ಕೇಳುತ್ತಿದ್ದರು. ಕೊಲೆಗಾರ ಬರುವ ಕಡೆ ಅವಳು ದನಿ ತಗ್ಗಿಸಿದರೆ ಎಲ್ಲರೂ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದರು. ಅಂಥವಳು ಆ ವರ್ಷ ದಿನಕ್ಕೊಂದರಂತೆ ನನಗೆ ಅಕ್ಷರ ತೀಡಿಸಿದಳು. ‘ಅ’ ಕಲಿಸಿದ ಮರುದಿನ ಅವಳಿಗೆ ‘ಅ’ ಗೊತ್ತಿರಲಿಲ್ಲ. ಆದರೂ ‘ಆ’ ಕಲಿಸಿದಳು. ‘ಳ’ ಮುಗಿದ ಮೇಲೆ ಪತ್ರಿಕೆಯನ್ನು ನನ್ನ ಕೈಗಿಟ್ಟು, “ಇನ್ನು ನೀನೇ ಓದು ಕೂಸೇ, ನನ್ನ ಗಂಟಲು ಕಟ್ಟಿದೆ” ಎಂದಳು. ಗಂಟಲು ಕಟ್ಟಿರಲಿಲ್ಲ ಎಂದು ನನಗೆ ತಿಳಿದದ್ದು ಹತ್ತು ವರ್ಷದ ಹುಡುಗಿಯಾದಾಗ, ಔಷಧಿಯ ಎರಡು ಬಾಟಲಿ ಹಿಡಿದುಕೊಂಡು ಯಾವುದು ಯಾವುದೆಂದು ತಿಳಿಯದೆ ಅವಳು ಅಂಗಳದಲ್ಲಿ ನಿಂತಿದ್ದನ್ನು ನೋಡಿದಾಗ. ಇನ್ನು ಯಾರಿಂದಲೂ ಏನನ್ನೂ ಕಲಿಸಿಕೊಳ್ಳುವುದಿಲ್ಲ ಎಂದು ಅವತ್ತೇ ನಿರ್ಧಾರ ಮಾಡಿದೆ. ಕಲಿತರೆ ಪುಸ್ತಕದಿಂದ; ಶಾಲೆಯ ಪಾಠವನ್ನೂ ಮೊದಲೇ ಓದಿಕೊಂಡು ಹೋಗಿ ಕೂರುವುದು. ಪುಸ್ತಕ ಏನನ್ನೂ ಕಳೆದುಕೊಳ್ಳುವುದಿಲ್ಲವಲ್ಲ.

ಅಪ್ಪ ಹೇಸರಗತ್ತೆ ಹೊಡೆಯುತ್ತಿದ್ದ. ಬೆಟ್ಟದ ಮೇಲಿನ ಕಲ್ಲುಗಣಿಯಿಂದ ತೆಳ್ಳನೆಯ ಚಪ್ಪಡಿಗಳನ್ನು ಹೇರಿಕೊಂಡು ಇಳಿಸುವುದು ನಮ್ಮ ಬೀದಿಯ ಕಸುಬು. ಪಶುವೈದ್ಯರು ಗಡಿಯಾಚೆಯಿಂದ ಗುರುವಾರ ಮಾತ್ರ ಬರುತ್ತಿದ್ದರು. ನಮ್ಮ ಹೇಸರಗತ್ತೆ ಕೆಂಪಿಗೆ ಹೊಟ್ಟೆಶೂಲೆ ಬಂದದ್ದು ಶುಕ್ರವಾರ. ಅದು ಮಲಗುವುದು, ಏಳುವುದು, ತನ್ನ ಹೊಟ್ಟೆಯನ್ನೇ ತಿರುಗಿ ನೋಡುವುದು, ಮತ್ತೆ ಮಲಗುವುದು. ಅಪ್ಪ ಅದರ ಕತ್ತು ತಬ್ಬಿಕೊಂಡು ಕೂತಿದ್ದ. ಶನಿವಾರ ಮಧ್ಯಾಹ್ನ ಕೆಂಪಿ ಮತ್ತೆ ಏಳಲಿಲ್ಲ. ನಾನು ಆಗ ಹತ್ತನೇ ತರಗತಿ. ಪಶುವೈದ್ಯೆಯಾಗುತ್ತೇನೆ ಎಂದು ಅಂದೇ ಅಪ್ಪನಿಗೆ ಹೇಳಿದೆ. ಅವನು, “ಆಗು ಮಗಳೇ, ಯಾರಾದರೂ ಆಗಬೇಕು” ಎಂದ.

ಪಶುವೈದ್ಯ ಕಾಲೇಜಿಗೆ ಪ್ರವೇಶ ಪರೀಕ್ಷೆ ಇತ್ತು. ಒಬ್ಬರು ಎರಡು ಸಲ ಮಾತ್ರ ಬರೆಯಬಹುದು. ನಮ್ಮೂರಿನಿಂದ ಅದನ್ನು ಪಾಸು ಮಾಡಿದವರು ಅಲ್ಲಿಯವರೆಗೆ ಮೂರೇ ಮಂದಿ, ಮೂವರೂ ಜಯಮಂಗಳ ಕೋಚಿಂಗ್ ಸೆಂಟರಿನವರು. ಅದರ ಯಜಮಾನ ವಿರೂಪಣ್ಣ ಹೊರಗಿನಿಂದ ಮೇಷ್ಟ್ರುಗಳನ್ನು ಕರೆಸಿ ಪಾಠ ಮಾಡಿಸುತ್ತಿದ್ದ. ಅವರು ತುಂಬಿಕೊಂಡು ಬಂದು, ಖಾಲಿಯಾಗಿ ಹೋಗುತ್ತಿದ್ದರು. ಪಿಯುಸಿಯಲ್ಲಿ ನಾನು ಜೂನಿಯರ್ ಕಾಲೇಜಿಗೇ ಮೊದಲು ಬಂದಾಗ ವಿರೂಪಣ್ಣ ತಾನೇ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತ.

“ನೋಡವ್ವ ಪಾರಿಜಾತ, ಒಂದು ಕಾಸೂ ಕೊಡಬ್ಯಾಡ. ಬಂದು ಕೂತ್ಕೊ, ಅಷ್ಟೇ. ನೀನು ಪಾಸಾದ್ರೆ ನಿನ್ನ ಫೋಟೋ ನನ್ನ ಬೋರ್ಡ್ ಮೇಲೆ.”

“ನಂಗೆ ಬೇಡ. ನಾನೇ ಓದ್ಕೊತೀನಿ” ಎಂದೆ.

ಅವನು ನಕ್ಕ. “ನಮ್ಮೂರಲ್ಲಿ ತಾನೇ ಓದಿ ಪಾಸಾದೋರು ಯಾರವ್ವ ಇದಾರೆ? ಪುಸ್ತಕ ನೀನು ಕೇಳಿದ್ದಕ್ಕೆ ಉತ್ತರ ಹೇಳ್ತದಾ?”

ಅವನು ಹೋದ ಮೇಲೆ ಅಪ್ಪ, “ಅಂಬಿಗ ತಾನಾಗೇ ದೋಣಿ ತಂದು ಕರೀತಾ ಅವ್ನೆ, ನೀನು ಹೊಳೆ ಈಜ್ತೀನಿ ಅಂತೀಯಲ್ಲ ಮಗಾ” ಎಂದ. ಅತ್ತೆ ಒಳಗಿನಿಂದ, “ಅವಳ ತಲೆ, ಅವಳ ಓದು. ಸುಮ್ನಿರು” ಎಂದಳು. ನಾನು ಯಾಕೆ ಬೇಡವೆಂದೆ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ನಾವಿಬ್ಬರೂ ಯಾವತ್ತೂ ಆಡಿಕೊಂಡಿರಲಿಲ್ಲ.

ಆ ವರ್ಷ ನಾನು ಓದಿದ ಓದು ದೊಡ್ಡದು. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮುಂಜಾನೆ ಕೂತರೆ ಅತ್ತೆ ಊಟಕ್ಕೆ ಕರೆಯುವವರೆಗೆ ಏಳುತ್ತಿರಲಿಲ್ಲ. ಜೀವಶಾಸ್ತ್ರ ನನಗೆ ನೀರು ಕುಡಿದಂತೆ ಬಂತು. ರಸಾಯನಶಾಸ್ತ್ರವೂ ಹೇಗೋ ಒಲಿಯಿತು. ಭೌತಶಾಸ್ತ್ರವನ್ನು ಹಲ್ಲು ಕಚ್ಚಿ ಓದಿದೆ. ಪರೀಕ್ಷೆ ಬರೆದು ಬಂದಾಗ ಸೀಟು ಸಿಕ್ಕೇ ಸಿಗುತ್ತದೆ ಎಂದುಕೊಂಡೆ. ಸಿಗಲಿಲ್ಲ. ಸರಿಯುತ್ತರಗಳ ಪಟ್ಟಿ ಬಂದಾಗ ನೋಡಿದರೆ, ಕನ್ನಡಿ ಮತ್ತು ಮಸೂರದ ಲೆಕ್ಕಗಳಲ್ಲಿ ಯಾವ ದೂರಕ್ಕೆ ಕೂಡುವ ಚಿಹ್ನೆ, ಯಾವುದಕ್ಕೆ ಕಳೆಯುವ ಚಿಹ್ನೆ ಎಂಬುದನ್ನೇ ವರ್ಷವಿಡೀ ತಿರುವುಮುರುವಾಗಿ ತಿಳಿದುಕೊಂಡಿದ್ದೆ. ಒಂದು ಪುಟದಲ್ಲಿ ಮೊದಲ ದಿನವೇ ತಪ್ಪಾಗಿ ಓದಿದ್ದನ್ನು ನೂರು ಸಲ ಅಭ್ಯಾಸ ಮಾಡಿ ಗಟ್ಟಿ ಮಾಡಿದ್ದೆ. ನನ್ನ ತಪ್ಪು ನನ್ನ ಕಣ್ಣಿಗೆ ಸರಿಯಾಗಿಯೇ ಕಾಣುತ್ತಿತ್ತು. ಅದನ್ನು ನೋಡಿ ‘ಅಲ್ಲ’ ಎನ್ನುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಇನ್ನುಳಿದದ್ದು ಒಂದೇ ಸಲ. ವಿರೂಪಣ್ಣ ಮತ್ತೆ ಹೇಳಿಕಳಿಸಿದ. ಈ ಸಲ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಹಟ ಮಾಡಿ ಸೋತವಳ ಬಾಯಿ ಹಾಗೆಯೇ. ಸೋಮವಾರ ಬೆಳಿಗ್ಗೆ ಜಯಮಂಗಳದ ಎರಡನೇ ಬೆಂಚಿನಲ್ಲಿ ಹೋಗಿ ಕೂತೆ. ಪಕ್ಕದಲ್ಲಿ ಕೂತವಳು ಲಾಳ ಕಟ್ಟುವ ಹುಸೇನ್ ಸಾಬರ ಮಗಳು ಜಬೀನ. ಅವಳೂ ಒಂದು ಸಲ ಬರೆದು ಸೋತವಳೇ. ಆದರೆ ಅವಳು ಸೋತದ್ದು ಇದೇ ಕೋಚಿಂಗಿನಲ್ಲಿ ಕಲಿತು.

ಭೌತಶಾಸ್ತ್ರದ ಮೇಷ್ಟ್ರು ದಯಾಕರ ಸರ್. ಐವತ್ತರ ಆಸುಪಾಸಿನವರು, ತೆಳ್ಳಗೆ, ಸೀಮೆಸುಣ್ಣ ಹಿಡಿದರೆ ಬೆರಳು ಕುಣಿಯುತ್ತಿದ್ದವು. ಒಂದು ಚಮಚವನ್ನು ಎತ್ತಿಹಿಡಿದು ಅದರ ಎರಡೂ ಬದಿಯಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತ ಕನ್ನಡಿಯ ಪಾಠ ಶುರುಮಾಡಿದರು. ನಾನು ಒಂದು ವರ್ಷ ತಪ್ಪಾಗಿ ಹೊತ್ತುಕೊಂಡಿದ್ದನ್ನು ಮುಕ್ಕಾಲು ಗಂಟೆಯಲ್ಲಿ ನೆಟ್ಟಗೆ ಮಾಡಿದರು. ಎಷ್ಟು ಸಂತೋಷವಾಯಿತೆಂದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅಂಗಡಿಗಳ ಗಾಜಿನಲ್ಲಿ ಕಿರಣಗಳನ್ನು ಎಳೆಯುತ್ತ ನಡೆದೆ. ಮರುದಿನ ಬೆಳಿಗ್ಗೆ ಬೇಗ ಹೋದೆ. ಸರ್ ಒಬ್ಬರೇ ಇದ್ದರು. ಹಿಂದಿನ ದಿನದ ಚಿತ್ರ ಇನ್ನೂ ಹಲಗೆಯ ಮೇಲಿತ್ತು. ಅವರು ಅದರ ಮುಂದೆ ಕೈಕಟ್ಟಿ ನಿಂತು, ಯಾರದೋ ಮನೆಯ ರಂಗೋಲಿ ನೋಡುವಂತೆ ನೋಡುತ್ತಿದ್ದರು.

“ಚೆನ್ನಾಗಿ ಬರ್ದಿದಾರೆ, ಅಲ್ವೇನಮ್ಮ?” ಎಂದರು ನಗುತ್ತ. ಆಮೇಲೆ ನನ್ನ ಮುಖ ನೋಡಿ, “ಅಳಬೇಡ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಊರಿಗೆ ಹೋಗಿ ಮೂರು ತಿಂಗಳು ಕೂತು ಓದಿದ್ರೆ ಮತ್ತೆ ಬರುತ್ತೆ” ಎಂದರು.

ನನಗೆ ಎರಡು ಬಾಟಲಿ ಹಿಡಿದು ನಿಂತ ಅತ್ತೆಯೇ ಕಂಡಳು. ಆ ವಾರ ಹೇಗೋ ಕೂತೆ. ಶನಿವಾರ ವಿರೂಪಣ್ಣನಿಗೆ, ನಾಳೆಯಿಂದ ಬರುವುದಿಲ್ಲ ಎಂದು ಹೇಳಿದೆ. ಅವನು ಬೈಯಲಿಲ್ಲ. ಕರುಣೆಯಿಂದ ನೋಡಿದ. ಅದು ಬೈಗುಳಕ್ಕಿಂತ ಚುಚ್ಚಿತು.

ಇಲ್ಲಿಯವರೆಗೆ ನನ್ನ ಕಥೆ ನಮ್ಮೂರಿನ ಹತ್ತಾರು ಮಕ್ಕಳ ಕಥೆಯಂತೆಯೇ ಇತ್ತು. ಅದು ಬೇರೆಯಾದದ್ದು ಮರುವಾರ, ಅತ್ತೆ ಕಾಳು ಹಸನು ಮಾಡುತ್ತಿದ್ದ ಒಂದು ಮಧ್ಯಾಹ್ನ. ನಾನು ಇಳಿಜಾರಿನ ಮೇಲೆ ಭಾರ ಏರಿಸುವ ಪಾಠ ಓದಿ ಮುಗಿಸಿದ್ದೆ. ಅರ್ಥವಾಗಿದೆ ಎನಿಸಿತ್ತು, ಆದರೆ ಕನ್ನಡಿಯ ಲೆಕ್ಕವೂ ಹಾಗೆಯೇ ಎನಿಸಿತ್ತಲ್ಲ! ನನ್ನ ತಿಳಿವಳಿಕೆ ಸರಿಯೋ ತಪ್ಪೋ ಎಂದು ನೋಡುವುದು ಹೇಗೆ? ಅತ್ತೆ ಹುಡುಗಿಯಾಗಿದ್ದಾಗ ಅಜ್ಜನ ಜೊತೆ ಹೇಸರಗತ್ತೆ ಹೊಡೆದವಳು. ಏನೂ ಯೋಚಿಸದೆ ಕೇಳಿಬಿಟ್ಟೆ.

“ಅತ್ತೆ, ಗಣಿಯವರಿಗೆ ದಿನಸಿ ಹೇರಿಕೊಂಡು ಬೆಟ್ಟ ಹತ್ತಿಸೋವಾಗ ಹೇಸರಗತ್ತೇನ ನೇರ ಯಾಕೆ ಹೊಡೆಯಲ್ಲ? ಅಡ್ಡಡ್ಡ ಸುತ್ತಿಸ್ಕೊಂಡು ಯಾಕೆ ಹೋಗ್ತಾರೆ?”

ಅತ್ತೆ ಮೊರವನ್ನು ಕೆಳಗಿಟ್ಟು ನನ್ನನ್ನು ದುರುಗುಟ್ಟಿ ನೋಡಿದಳು. ನಮ್ಮಲ್ಲಿ ಹಾಗೆಲ್ಲ ಯಾರೂ ಕೇಳುತ್ತಿರಲಿಲ್ಲ. “ನಂಗೇನು ಗೊತ್ತೇ? ಹಾಗೇ ಹೋಗೋದು” ಎಂದಳು.

“ನೇರ ಹೋದ್ರೆ ದಾರಿ ಹತ್ತಿರ ಅಲ್ವಾ?”

“ಹತ್ತಿರಾನೇ. ಆದ್ರೆ ಮುಗ್ಗರಿಸ್ತದೆ. ಅಷ್ಟು ಭಾರ ಹೊತ್ತು ಹತ್ತಲಾರದು.”

“ಸುತ್ತು ದಾರೀಲೂ ಅದೇ ಭಾರ ತಾನೇ ಇರೋದು?”

“ಅದೇ ಭಾರ...” ಅತ್ತೆ ಮೊರವನ್ನು ಮತ್ತೆ ಕೈಗೆತ್ತಿಕೊಂಡಳು. ಮೊರದ ಒಂದು ಅಂಚನ್ನು ಎತ್ತಿ ಒಂದು ಕಾಳನ್ನು ಜಾರಲು ಬಿಟ್ಟಳು. ಇನ್ನಷ್ಟು ಎತ್ತಿ ಇನ್ನೊಂದು ಬಿಟ್ಟಳು. ಮೂರನೆಯ ಕಾಳು ಜಾರಿದ ಮೇಲೆ, “ಅಲ್ಲ ಕಣೆ ಪಾರಿ, ಸುತ್ತು ದಾರೀಲಿ ಒಂದೊಂದು ಹೆಜ್ಜೇಗೂ ಮೇಲಕ್ಕೆ ಹೋಗೋದು ಕಮ್ಮಿ. ಹಂಗಾಗಿ ಒಂದು ಹೆಜ್ಜೇಗೆ ಬೇಕಾದ ಬಲಾನೂ ಕಮ್ಮಿ. ಹೆಜ್ಜೆ ಮಾತ್ರ ಜಾಸ್ತಿ. ಒಟ್ಟು ದುಡಿಮೆ ಅಷ್ಟೇ!” ಎಂದಳು. ಕಣ್ಣು ಹೊಳೆಯುತ್ತಿದ್ದವು.

ಪುಸ್ತಕದಲ್ಲಿ ಇದ್ದದ್ದೂ ಅದೇ. ಆಗ ಥಟ್ಟನೆ ಹೊಳೆಯಿತು: ಅತ್ತೆಗೆ ಕಲಿಸಿಬಿಟ್ಟೆನಲ್ಲ! ಬೆಳಗಾದರೆ ಆ ಪಾಠ ನನ್ನಿಂದ ಹೋಗಿರುತ್ತದೆ. ಬೆಳಿಗ್ಗೆ ಎದ್ದವಳೇ ಮುಖವನ್ನೂ ತೊಳೆಯದೆ ಒಂದು ಕಾಗದದ ಮೇಲೆ ಇಳಿಜಾರು ಬರೆದೆ. ಬಾಣಗಳನ್ನು ಹಾಕಿದೆ. ಲೆಕ್ಕ ಮಾಡಿದೆ. ಎಲ್ಲ ಇತ್ತು. ಅಂಗಳಕ್ಕೆ ಓಡಿ ಅತ್ತೆಯನ್ನು ಕೇಳಿದೆ. ಅವಳಲ್ಲೂ ಇತ್ತು. ನಿನ್ನೆ ನಾನು ಆಡಿದ ಮಾತುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಒಂದೇ ಒಂದು ಸಂಗತಿಯನ್ನೂ ನಾನು ಹೇಳಿರಲಿಲ್ಲ. ಬರೀ ಕೇಳಿದ್ದೆ. ಕಂಡುಕೊಂಡವಳು ಅತ್ತೆ.

ಪ್ರಶ್ನೆ ಕೇಳುವುದೇ ತಪ್ಪಾಗಿದ್ದ ಊರಿನಲ್ಲಿ, ಗೊತ್ತಿದ್ದವರು ಗೊತ್ತಿಲ್ಲದವರನ್ನು ಪ್ರಶ್ನೆ ಕೇಳಬಹುದು ಎಂದು ಯಾರಿಗೆ ತಾನೇ ಹೊಳೆಯಬೇಕು?

ಮೊದಲು ಜಬೀನಳಿಗೆ ಹೇಳಿದೆ. ಅವಳು ನಂಬಲಿಲ್ಲ, ಆದರೆ ತನ್ನ ಕಷ್ಟ ಹೇಳಿಕೊಂಡಳು. “ನಂಗೆ ಕನ್ನಡಿ ಪಾಠ ಪೂರ್ತಿ ಬರುತ್ತೆ. ಸರ್ ಹೇಳಿದ್ದು ಒಂದಕ್ಷರಾನೂ ಬಿಟ್ಟಿಲ್ಲ. ಆದ್ರೂ ಪರೀಕ್ಷೇಲಿ ಪ್ರಶ್ನೇನ ಸ್ವಲ್ಪ ತಿರುಗಿಸಿ ಕೊಟ್ರೆ ಕೈ ಓಡಲ್ಲ” ಎಂದಳು. ಅವಳ ತೊಂದರೆ ಅದು. ಹೇಳಿದ್ದು ಹೇಳಿದ ಆಕಾರದಲ್ಲೇ ಅವಳ ತಲೆಯಲ್ಲಿ ಕೂತಿತ್ತು. ನಾನು ಕೇಳಿದೆ, ಅವಳು ತಡವರಿಸಿದಳು. ಇನ್ನೊಂದು ಕಡೆಯಿಂದ ಕೇಳಿದೆ, ಸಿಟ್ಟು ಮಾಡಿಕೊಂಡಳು. ಮೂರನೆಯ ದಿನ ಅವಳೇ ನನ್ನನ್ನು ಕೇಳಲು ಶುರುಮಾಡಿದಳು, ನಾನು ತಡವರಿಸಿದೆ. ಹೀಗೆ ನಮ್ಮ ಜಗಲಿಯಲ್ಲಿ ಇಬ್ಬರೂ ಕೂತು ಒಬ್ಬರಿಗೊಬ್ಬರು ಏನನ್ನೂ ಹೇಳಿಕೊಡದೆ ಕಲಿಯತೊಡಗಿದೆವು. ಗೊತ್ತಿಲ್ಲದ್ದನ್ನು ಬೇರೆ ಬೇರೆಯಾಗಿ ಓದುವುದು, ಒಟ್ಟಿಗೆ ಕೂತು ಕೇಳುವುದು. ಬಾಯಿ ತಪ್ಪಿ ಉತ್ತರ ಹೊರಬಿದ್ದೀತೆಂದು ಜಬೀನ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂರುತ್ತಿದ್ದಳು. ಎರಡು ಸಲ ನನ್ನ ಬಾಯಿ ತಪ್ಪಿತು. ಎರಡು ಸೂತ್ರ ಹೋದವು, ಮತ್ತೆ ಓದಿಕೊಂಡೆ.

ಒಂದು ದಿನ ದಯಾಕರ ಸರ್ ತಾವಾಗಿ ಬಂದರು. ಆ ಸಾಲಿನ ಪಾಠ ಅರ್ಧ ಮುಗಿದಿತ್ತು, ಅವರಲ್ಲಿ ಕನ್ನಡಿ ಇಲ್ಲ, ಮಸೂರವಿಲ್ಲ, ವಿದ್ಯುತ್ತೂ ಇಲ್ಲ. “ಜಬೀನ ಏನೋ ಹೇಳ್ತಿದ್ಲು. ನಾನೂ ಕೂತ್ಕೋಬಹುದಾ?” ಎಂದು ಚಪ್ಪಲಿ ಬಿಟ್ಟು ನಿಂತರು. ಗುರುಗಳು ಜಗಲಿಯ ಕೆಳಗೆ ನಿಂತು ಕೇಳುತ್ತಿದ್ದಾರಲ್ಲ ಎಂದು ನನಗೆ ನಾಚಿಕೆಯಾಯಿತು. ಅತ್ತೆ ಚಾಪೆ ಹಾಸಿದಳು. ಜಬೀನ ಒಳಗಿನಿಂದ ಒಂದು ಚಮಚ ತಂದು ಅವರ ಕೈಗೆ ಕೊಟ್ಟು, “ಸರ್, ಇದರಲ್ಲಿ ನಿಮ್ಮ ಮುಖ ತಲೆಕೆಳಗಾಗಿ ಕಾಣ್ತಾ ಇದೆಯಲ್ಲ, ಹತ್ತಿರ ತಂದ್ರೆ ಏನಾಗುತ್ತೆ ನೋಡಿ” ಎಂದಳು. ಅವರು ನೋಡಿದರು. ಹತ್ತಿರ ತಂದರು, ದೂರ ಹಿಡಿದರು, ಎದ್ದುಹೋಗಿ ಬಿಸಿಲಿನಲ್ಲಿ ಹಿಡಿದರು, ಗೋಡೆಯ ಮೇಲೆ ಬಿದ್ದ ಬೆಳಕಿನ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿದರು. ನಾವಿಬ್ಬರೂ ಸರದಿಯಂತೆ ಕೇಳುತ್ತಲೇ ಹೋದೆವು. ಎರಡನೆಯ ದಿನ ಸಂಜೆಯಾಗುವ ಮೊದಲು ಅವರು ಸೂತ್ರವನ್ನು ತಾವೇ ಕಟ್ಟಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರು.

“ಹತ್ತೊಂಬತ್ತು ಸಲ ಇದನ್ನ ಪುಸ್ತಕದಿಂದ ತುಂಬಿಕೊಂಡಿದೀನಿ. ನನ್ನದು ಅಂತ ಅನ್ನಿಸಿದ್ದು ಇವತ್ತೇ” ಎಂದರು. ಆಮೇಲೆ ಅವರು ದಿನವೂ ಬಂದರು, ನಮ್ಮನ್ನು ಕೇಳಿದರು. ಅವರಂತೆ ಕೇಳುವುದು ನಮಗೆ ಬರುತ್ತಿರಲಿಲ್ಲ. ನಮ್ಮ ತಪ್ಪು ಎಲ್ಲಿ ಅಡಗಿದೆಯೋ ಅಲ್ಲಿಗೇ ಅವರ ಪ್ರಶ್ನೆ ಬಂದು ಬಾಗಿಲು ತಟ್ಟುತ್ತಿತ್ತು.

ವಿರೂಪಣ್ಣನಿಗೆ ಸುದ್ದಿ ಹೋಗದೆ ಇರುತ್ತದೆಯೇ? ಒಂದು ಬೆಳಿಗ್ಗೆ ಬಿರುಸಾಗಿ ಬಂದು ಬೀದಿಯಲ್ಲೇ ನಿಂತ. “ಏನ್ ಸರ್ ಇದು? ನಾನು ಕರೆಸಿದ ಮೇಷ್ಟ್ರು ಹೇಸರಗತ್ತೆ ಕೊಟ್ಟಿಗೇಲಿ ಪಾಠ ಮಾಡ್ತಾರಾ?”

“ಪಾಠ ಮಾಡ್ತಾ ಇಲ್ಲ ವಿರೂಪಣ್ಣ. ಕೇಳ್ತಾ ಇದೀನಿ” ಎಂದರು ಸರ್.

“ಕೇಳೋಕೆ ನಿಮಗೇನು ಮರ್ಯಾದೆ ಇಲ್ವಾ? ಒಂದೋ ಇಲ್ಲಿ, ಇಲ್ಲಾ ಅಲ್ಲಿ. ತೀರ್ಮಾನ ಮಾಡ್ಕೊಳ್ಳಿ.”

ಸರ್ ಜಗಲಿಯಿಂದ ಇಳಿದು ನಿಂತರು. ಅವರಿಗೂ ಮನೆ ಮಠ ಇತ್ತು. “ಈ ಸಾಲಿನ ಪಾಠ ಮುಗಿಸಿಕೊಡ್ತೀನಿ, ಮಾತು ಕೊಟ್ಟಿದೀನಿ. ಮುಂದಿನ ಸಾಲಿಗೆ ಬರಲ್ಲ” ಎಂದರು. ವಿರೂಪಣ್ಣ ನನ್ನ ಕಡೆ ತಿರುಗಿ, “ಆಡವ್ವ, ಆಡು. ಪರೀಕ್ಷೆ ದಿನ ನಿನ್ನ ಪಕ್ಕ ಕೂತು ಯಾರು ಕೇಳ್ತಾರೆ ನೋಡಾಣ” ಎಂದು ಹೊರಟುಹೋದ. ಆ ಮಾತು ನನ್ನನ್ನು ಹಲವು ದಿನ ಕಾಡಿತು.

ಪರೀಕ್ಷೆಗೆ ಮೂರು ತಿಂಗಳಿದ್ದಾಗ ನಾನು ಒಂದು ಹುಚ್ಚು ಧೈರ್ಯ ಮಾಡಿದೆ. ಅತ್ತೆಯನ್ನು ಪೇಟೆ ಬೀದಿಗೆ ಕರೆದುಕೊಂಡು ಹೋಗಿ ಬಳೆ ಅಂಗಡಿಯ ಮುಂದೆ ನಿಲ್ಲಿಸಿದೆ.

“ಅತ್ತೆ, ಇದು ಯಾವ ಅಂಗಡಿ?”

“ಕಾಣಲ್ವೇನೆ? ಬಳೆ ಅಂಗಡಿ.”

“ಹಾಗಾದ್ರೆ ಮೇಲೆ ಬೋರ್ಡಲ್ಲಿ ಮೊದಲು ಏನಂತ ಬರ್ದಿರಬಹುದು?”

ಅತ್ತೆಗೆ ನಾನೇನು ಮಾಡುತ್ತಿದ್ದೇನೆಂದು ಗೊತ್ತಾಯಿತು. ನನ್ನ ತೋಳು ಹಿಡಿದು, “ಬೇಡ ಪಾರಿ. ಇನ್ನು ಮೂರು ತಿಂಗಳೈತೆ. ನಿಂಗೆ ಅಕ್ಷರ ಹೋಗಿಬಿಟ್ರೆ?” ಎಂದಳು.

“ನಾನು ಹೇಳ್ತಾ ಇಲ್ವಲ್ಲ ಅತ್ತೆ. ಏನಿರಬಹುದು, ಹೇಳು.”

ಅವಳು ತಲೆಯೆತ್ತಿ ಬೋರ್ಡನ್ನು ನೋಡಿದಳು. “ಬಳೆ ಅಂತಲೇ ಇರಬೇಕು. ಮೊದಲನೇದು ಬ. ಎರಡನೇದು ಳೆ.” ಆಮೇಲೆ ಅವಳಷ್ಟಕ್ಕೆ ಅವಳೇ ಬೀದಿಯ ಉದ್ದಕ್ಕೂ ಕಣ್ಣು ಹಾಯಿಸಿ, ಬಟ್ಟೆ ಅಂಗಡಿಯ ಬೋರ್ಡನ್ನು ತೋರಿಸಿ, “ಅಗೋ, ಅಲ್ಲೂ ಅದೇ ಬ!” ಎಂದು ಕೂಗಿದಳು. ದಾರಿಹೋಕರು ತಿರುಗಿ ನೋಡಿದರು.

ಮರುದಿನ ಬೆಳಿಗ್ಗೆ ಕಣ್ಣು ಬಿಡಲು ನನಗೆ ಭಯ. ಪಕ್ಕದಲ್ಲಿದ್ದ ಪುಸ್ತಕ ತೆರೆದೆ. ಓದಲು ಬಂತು. ‘ಬ’ ಇತ್ತು, ‘ಳೆ’ ಇತ್ತು. ಆಮೇಲೆ ದಿನಕ್ಕೊಂದು ಬೋರ್ಡಿನಂತೆ ಅತ್ತೆ ಇಡೀ ಪೇಟೆಯನ್ನು ಬಿಡಿಸಿದಳು. ಅಕ್ಕಿ ಅಂಗಡಿಯಲ್ಲಿ ಒತ್ತಕ್ಷರ, ಔಷಧಿ ಅಂಗಡಿಯಲ್ಲಿ ‘ಔ’. ‘ಞ’ ಎಲ್ಲೂ ಸಿಗಲಿಲ್ಲ, ಸಿಗದಿದ್ದರೆ ಬಿಡು, ಅದರಿಂದ ನನಗೇನು ಆಗಬೇಕು ಎಂದಳು. ಎರಡು ತಿಂಗಳಿನ ಕೊನೆಯಲ್ಲಿ ನನ್ನ ಜೀವಶಾಸ್ತ್ರದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿಟ್ಟು ಓದಿ, ಪ್ರಶ್ನೆ ಕೇಳುವ ಹಂತಕ್ಕೆ ಬಂದಳು. ಅವಳ ಪ್ರಶ್ನೆಗಳು ವಿಚಿತ್ರವಾಗಿರುತ್ತಿದ್ದವು. “ಕುದುರೆಗೆ ವಾಂತಿ ಯಾಕೆ ಆಗಲ್ವಂತೆ? ಹಂಗಾದ್ರೆ ಹೊಟ್ಟೇಲಿ ಕೆಟ್ಟದ್ದಿದ್ರೆ ಎಲ್ಲಿಗೆ ಹೋಗ್ತದೆ?” ಎಂದು ಒಂದು ದಿನ ಕೇಳಿದಳು. ಉತ್ತರ ಹುಡುಕುತ್ತ ಹೋದ ನನಗೆ ಕೆಂಪಿ ತನ್ನ ಹೊಟ್ಟೆಯನ್ನೇ ತಿರುಗಿ ನೋಡಿದ್ದು ಯಾಕೆಂದು ಅರ್ಥವಾಯಿತು. ಅತ್ತು ಮುಗಿಸಿ ಉತ್ತರ ಬರೆದೆ.

ಪರೀಕ್ಷೆ ಗಡಿಯಾಚೆಯ ಪಟ್ಟಣದಲ್ಲಿ. ನಾನೂ ಜಬೀನಳೂ ಒಂದೇ ಬಸ್ಸಿನಲ್ಲಿ ಹೋದೆವು. ಭೌತಶಾಸ್ತ್ರದ ಇಪ್ಪತ್ತೇಳನೆಯ ಪ್ರಶ್ನೆ ನಾನು ಎಂದೂ ಕಂಡಿರದ ಬಗೆಯದು. ನೀರಿನೊಳಗೆ ಮುಳುಗಿಸಿದ ಮಸೂರ. ವಿರೂಪಣ್ಣನ ಮಾತು ನೆನಪಾಯಿತು. ಪೆನ್ನು ಕೆಳಗಿಟ್ಟು ನನ್ನನ್ನು ನಾನೇ ಕೇಳಿಕೊಂಡೆ: ಗಾಳಿಯಲ್ಲಿದ್ದಾಗ ಕಿರಣ ಯಾಕೆ ಬಾಗುತ್ತಿತ್ತು? ನೀರಿಗೂ ಗಾಜಿಗೂ ಇರುವ ವ್ಯತ್ಯಾಸ ಹೆಚ್ಚೋ ಕಡಿಮೆಯೋ? ಕಡಿಮೆಯಾದರೆ ಬಾಗುವುದು? ಉತ್ತರ ತಾನೇ ನಡೆದು ಬಂತು. ಹೊರಗೆ ಬಂದಾಗ ಜಬೀನ ಮೆಟ್ಟಿಲ ಮೇಲೆ ನಿಂತು, ನನ್ನನ್ನು ಕಂಡವಳೇ, “ಇಪ್ಪತ್ತೇಳು?” ಎಂದಳು. “ನಾಭಿದೂರ ಜಾಸ್ತಿ” ಎಂದೆ. ಅವಳು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು.

ಫಲಿತಾಂಶವನ್ನು ಬಸ್‌ ನಿಲ್ದಾಣದ ಗೋಡೆಗೆ ಅಂಟಿಸುತ್ತಿದ್ದರು. ಅಪ್ಪ ಅಂದು ಬೆಟ್ಟಕ್ಕೆ ಹೋಗಲಿಲ್ಲ. ಜನರ ಭುಜಗಳ ಸಂದಿಯಲ್ಲಿ ನುಗ್ಗಿ ನೋಡಿದರೆ, ನನ್ನ ನಂಬರು ಮೊದಲ ಹಾಳೆಯಲ್ಲೇ ಇತ್ತು. ಏಳನೇ ಸ್ಥಾನ. ಇಡೀ ಸೀಮೆಗೆ ಏಳನೆಯದು! ಜಬೀನಳದು ಮೂವತ್ತನಾಲ್ಕು. ಹುಸೇನ್ ಸಾಬರು ಲಾಳದ ಸುತ್ತಿಗೆ ಹಿಡಿದೇ ಓಡಿ ಬಂದಿದ್ದರು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಅಪ್ಪನ ಕೈಗೆ ಕೊಟ್ಟು ಅಪ್ಪನನ್ನು ತಬ್ಬಿಕೊಂಡರು. ದಯಾಕರ ಸರ್ ಒಂದು ಮೂಲೆಯಲ್ಲಿ ನಿಂತು ಕನ್ನಡಕ ಒರೆಸುತ್ತಲೇ ಇದ್ದರು. ನಮ್ಮ ಬೀದಿಯವರು ಎರಡು ಹೇಸರಗತ್ತೆಗಳಿಗೆ ಗೆಜ್ಜೆ ಕಟ್ಟಿ ನಮ್ಮಿಬ್ಬರನ್ನೂ ಹತ್ತಿಸಿ ಪೇಟೆಯಲ್ಲಿ ಮೆರವಣಿಗೆ ಮಾಡಿದರು. ಚಪ್ಪಡಿ ಹೊತ್ತು ರೂಢಿಯಿದ್ದ ಪ್ರಾಣಿಗಳು ನಮ್ಮನ್ನು ಹೊತ್ತಾಗ ಇಷ್ಟೇನಾ ಎಂಬಂತೆ ಓಡತೊಡಗಿದವು.

ಮೂರನೆಯ ದಿನ ಜಯಮಂಗಳದ ಮುಂದೆ ಹೊಸ ಬೋರ್ಡು ಬಂತು. ಅದರಲ್ಲಿ ನನ್ನ ದೊಡ್ಡ ಫೋಟೋ. ಅತ್ತೆ ತರಕಾರಿ ಚೀಲ ಹಿಡಿದು ಅದರ ಮುಂದೆ ನಿಂತು, ಒಂದೊಂದೇ ಅಕ್ಷರ ಕೂಡಿಸಿ, ಬೀದಿಗೆಲ್ಲ ಕೇಳುವಂತೆ ಓದಿದಳು. “ನಮ್ಮಲ್ಲಿ... ತರಬೇತಿ ಪಡೆದ... ಪ್ರತಿಭೆ.” ಓದಿ ಮುಗಿಸಿ, “ಒಂದು ವಾರ ಬಂದಿದ್ಲು, ಅಷ್ಟೇ. ಅದನ್ನೂ ಬರೆಸು ವಿರೂಪಣ್ಣ!” ಎಂದು ಕೂಗಿದಳು. ಜನ ಸೇರಿದರು. ಓದಿದವಳು ಯಾರೆಂದು ನೋಡಿ, ನಗುವುದನ್ನೂ ಮರೆತು ಬಾಯಿ ಬಿಟ್ಟುಕೊಂಡು ನಿಂತರು. ಹ್ಯಾಪಮೋರೆ ಹಾಕಿಕೊಂಡು ಹೊರಬಂದ ವಿರೂಪಣ್ಣ, “ಹೊಂಬಾಳಕ್ಕ, ನಿಂಗೆ ಓದಕ್ಕೆ ಯಾರು ಹೇಳ್ಕೊಟ್ರು?” ಎಂದ.

“ಯಾರೂ ಹೇಳ್ಕೊಡಲಿಲ್ಲ” ಎಂದಳು ಅತ್ತೆ.

ವಿರೂಪಣ್ಣ ಬೋರ್ಡಿನ ಕಡೆ ತಿರುಗಿದ. ಆಮೇಲೆ ಏಣಿ ತರಿಸಿ ಫೋಟೋ ಇಳಿಸಿದ. ಅವನೇನೂ ಕೆಟ್ಟವನಲ್ಲ. ವಾರದೊಳಗೆ ದಯಾಕರ ಸರ್ ಅವರನ್ನು ಹುಡುಕಿಕೊಂಡು ಹೋಗಿ, ಬೆಂಚುಗಳನ್ನು ದುಂಡಗೆ ಹಾಕಿಸುತ್ತೇನೆ, ಹಲಗೆ ತೆಗೆಸುತ್ತೇನೆ, ನೀವು ಬಂದು ಕೇಳಿದರೆ ಸಾಕು ಎಂದನಂತೆ. ಸರ್ ಒಪ್ಪಿದರು. ಕೇಳುವವರು ಇನ್ನೂ ಬೇಕಾದಾಗ ಅತ್ತೆಯನ್ನೂ ಕರೆಯಲು ಬಂದ. ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು, ವಾರಕ್ಕೆ ಎರಡು ದಿನ ಮಾತ್ರ ಎಂದಳು.

ನಾನು ಕಾಲೇಜು ಸೇರಿದೆ. ಗಡಿಯಾಚೆ ಕಲಿಸಿದವರಿಂದ ಏನೂ ಹೋಗುವುದಿಲ್ಲ ಎಂದು ಕೇಳಿದ್ದೆ, ನಂಬಿಕೆ ಇರಲಿಲ್ಲ. ಮೊದಲ ತಿಂಗಳು ಹಾಸ್ಟೆಲಿನಲ್ಲಿ ನನ್ನ ಜೊತೆಯವಳು ವಸುಮತಿ, ಹಸುವಿನ ಹೊಟ್ಟೆಯ ನಾಲ್ಕು ಕೋಣೆಗಳ ಪಾಠ ಹಿಡಿದುಕೊಂಡು ಬಂದು, “ಹೇಳ್ಕೊಡೇ ಪ್ಲೀಸ್” ಎಂದಳು. ನಾನು ಕಣ್ಣು ಮುಚ್ಚಿಕೊಂಡು ಹೇಳತೊಡಗಿದೆ. ಒಂದು ಸಲ ಶುರುವಾದದ್ದು ನಿಲ್ಲಲೇ ಇಲ್ಲ. ಹತ್ತೊಂಬತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದವಳು ಎರಡು ಗಂಟೆ ಹೇಳಿದೆ, ನಾಲ್ಕೂ ಕೋಣೆ ಹೇಳಿದೆ, ಮೆಲುಕು ಹಾಕುವುದನ್ನು ಹೇಳಿದೆ, ಅವಳು ಕೇಳದೆ ಇದ್ದದ್ದನ್ನೂ ಹೇಳಿದೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಎಲ್ಲವೂ ನನ್ನಲ್ಲಿ ಇದ್ದ ಹಾಗೇ ಇತ್ತು. ಕುಣಿಯುತ್ತ ವಸುಮತಿಯ ಹತ್ತಿರ ಹೋಗಿ, ಮೂರನೇ ಕೋಣೆಯ ಕೆಲಸವೇನು ಎಂದೆ. ಅವಳು ತಲೆ ಕೆರೆದುಕೊಂಡು, “ನಿನ್ನೆ ಗೊತ್ತಿತ್ತು ಕಣೆ. ಎಲ್ಲಾ ಮರೆತುಹೋಯ್ತು” ಎಂದಳು.

ನನಗೆ ತಡೆಯಲಾರದ ನಗು ಬಂತು. ಪುಸ್ತಕ ಮುಚ್ಚಿ, ಅವಳನ್ನು ಕರೆದುಕೊಂಡು ಕಾಲೇಜಿನ ದನದ ಕೊಟ್ಟಿಗೆಗೆ ಹೋದೆ. ಎಳೆಬಿಸಿಲಿನಲ್ಲಿ ಒಂದು ಕಪ್ಪು ಹಸು ಮಲಗಿತ್ತು. ಅದರ ಮುಂದೆ ಇಬ್ಬರೂ ಕುಕ್ಕರಗಾಲಿನಲ್ಲಿ ಕೂತೆವು.

“ಅದರ ಮುಂದೆ ಹುಲ್ಲು ಇಲ್ಲ, ಆದ್ರೂ ಬಾಯಾಡಿಸ್ತಾ ಇದೆ ನೋಡು. ಏನು ತಿಂತಾ ಇರಬಹುದು?” ಎಂದು ಕೇಳಿದೆ.

ವಸುಮತಿ ನೋಡಿದಳು. ಹಸು ನುಂಗಿತು, ಸ್ವಲ್ಪ ಹೊತ್ತು ಸುಮ್ಮನಿತ್ತು, ಅದರ ಗಂಟಲಿನಲ್ಲಿ ಏನೋ ಕೆಳಗಿನಿಂದ ಮೇಲಕ್ಕೆ ಹತ್ತಿ ಬಂತು, ಮತ್ತೆ ಬಾಯಾಡಿಸತೊಡಗಿತು. “ಏಯ್, ತಡಿ, ತಡಿ,” ಎಂದು ನನ್ನ ಮೊಣಕೈ ಹಿಡಿದುಕೊಂಡಳು ವಸುಮತಿ, “ನೀನು ಏನೂ ಹೇಳಬೇಡ!”